ಮರಗೆಲಸ ಪ್ರಶ್ನೋತ್ತರ: ಅಗ್ಗದ ಸ್ಕ್ರೋಲ್ ಸಾ, ಒಳ್ಳೆಯ ಬ್ಲೇಡ್

ಈ ಸಲದ ಪ್ರಶ್ನೆಗಳೆಲ್ಲ ಸ್ಕ್ರೋಲ್ ಸಾ ಬಗ್ಗೆ. ಸಣ್ಣ ಬ್ಲೇಡೊಂದು ಮೇಲೆ ಕೆಳಗೆ ಓಡಾಡುತ್ತ ಮರದಲ್ಲಿ ಬಳ್ಳಿ, ಹಕ್ಕಿ, ಅಕ್ಷರಗಳನ್ನು ಕೊರೆಯುವ ಯಂತ್ರ ಇದು. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹವ್ಯಾಸಕ್ಕೆಂದು ಸ್ಕ್ರೋಲ್ ಸಾ ಕೊಳ್ಳಬೇಕು, ಹೆಚ್ಚು ದುಡ್ಡು ಹಾಕುವ ಮನಸ್ಸಿಲ್ಲ. ಅಗ್ಗದ ಮಾದರಿಗಳೆಲ್ಲ ನೋಡಲು ಒಂದೇ ಥರ ಇವೆ. ಬಹುಪಾಲು ಎಲ್ಲದರ ಮೇಲೂ 16 ಇಂಚು ಎಂದು ಬರೆದಿದೆ. ಏನನ್ನು ನೋಡಿ ಆರಿಸಲಿ?

16 ಇಂಚು ಎಂಬುದು ಬ್ಲೇಡಿಗೂ ಅದರ ಹಿಂದಿನ ಕಂಬಕ್ಕೂ ನಡುವಿನ ಅಂತರ, ಸುಮಾರು 40 ಸೆಂ.ಮೀ. ಹಲಗೆಯನ್ನು ಬ್ಲೇಡಿನ ಸುತ್ತ ತಿರುಗಿಸುವಾಗ ಕಂಬಕ್ಕೆ ತಾಗದಿರಲು ಇಷ್ಟು ಜಾಗ ಬೇಕು. ಹವ್ಯಾಸದ ಕೆಲಸಕ್ಕೆ ಇದು ಧಾರಾಳವಾಯಿತು. 50 ಮಿ.ಮೀ. ದಪ್ಪದ ಮರ ಕೊಯ್ಯುತ್ತದೆ ಎಂದೂ ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ಕೊಯ್ಯುವುದೇನೋ ನಿಜ, ಆದರೆ ಅಗ್ಗದ ಯಂತ್ರ 20 ಮಿ.ಮೀ. ದಾಟಿದ ಮೇಲೆ ಏದುಸಿರು ಬಿಡುತ್ತದೆ.

ನೋಡಬೇಕಾದ ಮೊದಲ ಸಂಗತಿ, ಯಂತ್ರ ಯಾವ ಬ್ಲೇಡನ್ನು ಹಿಡಿಯುತ್ತದೆ ಎಂಬುದು. ಸ್ಕ್ರೋಲ್ ಸಾ ಬ್ಲೇಡಿನ ಉದ್ದ 5 ಇಂಚು, ಅಂದರೆ 127 ಮಿ.ಮೀ. ಅದರಲ್ಲಿ ಎರಡು ಜಾತಿ. ಒಂದರ ಎರಡೂ ತುದಿಗಳಲ್ಲಿ ಅಡ್ಡಕ್ಕೆ ಪುಟ್ಟ ಪಿನ್ ಇರುತ್ತದೆ. ಅದನ್ನು ಕೊಕ್ಕೆಗೆ ಸಿಕ್ಕಿಸಿದರೆ ಮುಗಿಯಿತು. ಇನ್ನೊಂದಕ್ಕೆ ಪಿನ್ ಇಲ್ಲ, ತುದಿ ಚಪ್ಪಟೆ, ಸ್ಕ್ರೂ ತಿರುಗಿಸಿ ಕ್ಲಾಂಪಿನಲ್ಲಿ ಬಿಗಿಯಬೇಕು. ಪಿನ್ ಬ್ಲೇಡು ಹಾಕುವುದು ಸುಲಭವೆಂದು ಹೊಸಬರು ಅದಕ್ಕೇ ಒಲಿಯುತ್ತಾರೆ. ಆದರೆ ಪಿನ್ ಕೂರಬೇಕಾದ್ದರಿಂದ ಅಂಥ ಬ್ಲೇಡು ಅಗಲವಾಗಿರುತ್ತದೆ, ಹಾಗಾಗಿ ಚಿಕ್ಕ ತಿರುವುಗಳಲ್ಲಿ ತಿರುಗುವುದಿಲ್ಲ. ಹಲಗೆಯ ಒಳಗಿನ ಭಾಗವನ್ನು ಕೊರೆಯಲು ಮೊದಲು ತೂತು ಹಾಕಿ, ಬ್ಲೇಡನ್ನು ಬಿಚ್ಚಿ ಅದರೊಳಗೆ ಹಾಯಿಸಬೇಕು. ಪಿನ್ ತೂರಲೆಂದು ಆ ತೂತು 5 ರಿಂದ 6 ಮಿ.ಮೀ. ಬೇಕಾಗುತ್ತದೆ. ಸೂಕ್ಷ್ಮ ವಿನ್ಯಾಸದಲ್ಲಿ ಆ ತೂತೇ ಕೊರೆಯಬೇಕಾದ ಜಾಗಕ್ಕಿಂತ ದೊಡ್ಡದು! ಪಿನ್ ಬ್ಲೇಡನ್ನು ಮಾತ್ರ ಹಿಡಿಯುವ ಯಂತ್ರವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ ಎನ್ನಿ. ಎರಡನ್ನೂ ಹಿಡಿಯುವ ಯಂತ್ರ ಸಿಕ್ಕರೆ ಸಂತೋಷ, ಪಿನ್ ಇಲ್ಲದ್ದನ್ನು ಹಿಡಿದರೂ ಸಾಕು.

ಎರಡನೆಯದು ವೇಗ. ನಿಮಿಷಕ್ಕೆ 400 ರಿಂದ 1600 ಸಲ ಓಡಾಡುವಂತೆ ಗುಂಡಿ ತಿರುಗಿಸಿ ಬದಲಿಸಲು ಬರಬೇಕು. ಒಂದೇ ವೇಗದ ಯಂತ್ರದಲ್ಲಿ ತೆಳು ಪ್ಲೈವುಡ್ ಕೈಗೆ ಸಿಗದೆ ಓಡುತ್ತದೆ, ಪ್ಲಾಸ್ಟಿಕ್ ಕರಗುತ್ತದೆ.

ಆಮೇಲೆ ಪ್ಲಗ್ ತೆಗೆದು, ಬ್ಲೇಡಿನ ಮೇಲ್ತುದಿಯನ್ನು ಹಿಡಿದಿರುವ ತೋಳನ್ನು ಹಿಡಿದು ಎಡಬಲಕ್ಕೆ ಅಲ್ಲಾಡಿಸಿ. ಲಟಕ್ ಲಟಕ್ ಎಂದು ಆಡಿದರೆ ಒಳಗಿನ ಬುಷ್ (ಕೀಲಿನೊಳಗಿನ ಬಳೆ) ಅಥವಾ ಬೇರಿಂಗ್ ಸವೆದಿದೆ, ಇಲ್ಲವೇ ಮೊದಲಿನಿಂದಲೇ ಸರಿಯಾಗಿ ಕೂತಿಲ್ಲ. ಸೆಕೆಂಡ್‌ಹ್ಯಾಂಡ್ ಯಂತ್ರಕ್ಕೆ ಈ ಪರೀಕ್ಷೆ ಕಡ್ಡಾಯ. ಹಲಗೆ ಇಟ್ಟು ಕೊಯ್ಯುವ ಯಂತ್ರದ ಮೇಜಿನ ಮೇಲೆ ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ನೋಡಿ, ಅಡಿಯಿಂದ ಬೆಳಕು ಹೆಚ್ಚು ತೂರಿ ಬಂದರೆ ಮೇಜು ಸೊಟ್ಟ. ಬ್ಲೇಡು ಬದಲಿಸಲು ಸ್ಪ್ಯಾನರ್, ಅಲೆನ್ ಕೀ ಬೇಕೋ ಬರಿಗೈ ಸಾಕೋ ಎಂಬುದನ್ನೂ ಕೇಳಿ. ಒಂದು ಜಾಲರಿ ವಿನ್ಯಾಸದಲ್ಲಿ 50 ತೂತುಗಳಿದ್ದರೆ ಬ್ಲೇಡನ್ನು 50 ಸಲ ಬಿಚ್ಚಿ ಹಾಕಬೇಕಲ್ಲ.

ಜೊತೆಗೆ ಕೊಡುವ ಲೈಟು, ಬಳುಕುವ ಕೊಳವೆ, ಹೆಚ್ಚುವರಿ ಡ್ರಿಲ್ ತಲೆ ಇವುಗಳಿಗೆ ಮರುಳಾಗಬೇಡಿ. ಧೂಳು ಊದುವ ಪುಟ್ಟ ಬ್ಲೋವರ್ ಮಾತ್ರ ನಿಜಕ್ಕೂ ಬೇಕು, ಅದಿಲ್ಲದಿದ್ದರೆ ಗೆರೆ ಪುಡಿಯಲ್ಲಿ ಮುಚ್ಚಿಹೋಗುತ್ತದೆ. ಉಳಿದ ದುಡ್ಡನ್ನು ಬ್ಲೇಡಿಗೆ ಹಾಕಿ. ಯಂತ್ರದ ಪೆಟ್ಟಿಗೆಯಲ್ಲಿ ಬರುವ ಬ್ಲೇಡುಗಳು ಸಾಮಾನ್ಯವಾಗಿ ಕಳಪೆ. ಅವುಗಳಲ್ಲೇ ಕೊಯ್ದು ನೋಡಿ ‘ಯಂತ್ರ ಸರಿಯಿಲ್ಲ’ ಎಂದು ಮೂಲೆಗೆ ಸರಿಸಿದವರು ಬಹಳ ಮಂದಿ.

ಪ್ರಶ್ನೆ: ಬ್ಲೇಡು ಕೊಳ್ಳಲು ಹೋದರೆ 2/0, 3, 5, 9 ಎಂದು ನಂಬರುಗಳು, ಅದರ ಮೇಲೆ ಸ್ಕಿಪ್ ಟೂತ್, ರಿವರ್ಸ್ ಟೂತ್, ಸ್ಪೈರಲ್. ತಲೆ ಕೆಟ್ಟುಹೋಯಿತು. ಮೊದಲಿಗೆ ಯಾವುದನ್ನು ತೆಗೆದುಕೊಳ್ಳಲಿ?

ನಂಬರ್ ದೊಡ್ಡದಾದಷ್ಟೂ ಬ್ಲೇಡು ಅಗಲ, ದಪ್ಪ, ಹಲ್ಲೂ ದೊಡ್ಡದು. ತಯಾರಕರ ನಡುವೆ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ, 5 ನಂಬರಿನ ಬ್ಲೇಡಿನ ಅಗಲ ಸುಮಾರು 1 ಮಿ.ಮೀ., ದಪ್ಪ 0.4 ಮಿ.ಮೀ. 1 ನಂಬರಿನದು ಸುಮಾರು 0.65 ಮಿ.ಮೀ. ಅಗಲ. 9 ನಂಬರಿನದು 1.35 ಮಿ.ಮೀ. ಆಸುಪಾಸು. 1 ಕ್ಕಿಂತ ಸಣ್ಣವನ್ನು 0, 2/0, 3/0 ಎಂದು ಕರೆಯುತ್ತಾರೆ. 2/0 ಎಂದರೆ ಎರಡು ಸೊನ್ನೆ, 3/0 ಎಂದರೆ ಮೂರು. ಅಲ್ಲಿ ಸೊನ್ನೆ ಹೆಚ್ಚಿದಷ್ಟೂ ಬ್ಲೇಡು ಸಣ್ಣ.

3 ಮಿ.ಮೀ. ಪ್ಲೈವುಡ್ಡಿಗೆ 1 ಅಥವಾ 3. 6 ರಿಂದ 18 ಮಿ.ಮೀ. ಮರಕ್ಕೆ 5. ಅದಕ್ಕಿಂತ ದಪ್ಪ ಅಥವಾ ಗಟ್ಟಿ ಮರಕ್ಕೆ 7, 9. ಲೆಕ್ಕಕ್ಕೆ ಒಂದು ಆಧಾರವಿದೆ: ಯಾವ ಗಳಿಗೆಯಲ್ಲಿ ನೋಡಿದರೂ ಕನಿಷ್ಠ ಮೂರು ಹಲ್ಲುಗಳಾದರೂ ಮರದೊಳಗೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ತೆಳು ಹಲಗೆ ಎರಡು ಹಲ್ಲಿನ ಸಂದಿಗೆ ಸಿಕ್ಕಿ ಎಗರುತ್ತದೆ.

ಹಲ್ಲಿನ ಬಗೆಗೆ ಬಂದರೆ, ಸ್ಕಿಪ್ ಟೂತ್‌ನಲ್ಲಿ ಒಂದು ಬಿಟ್ಟು ಒಂದು ಹಲ್ಲು. ನಡುವಿನ ಖಾಲಿ ಜಾಗದಲ್ಲಿ ಪುಡಿ ಹೊರಗೆ ಬರುವುದರಿಂದ ಬ್ಲೇಡು ಕಾಯುವುದು ಕಡಿಮೆ. ರಿವರ್ಸ್ ಟೂತ್‌ನಲ್ಲಿ ಕೆಳತುದಿಯ ಕೆಲವು ಹಲ್ಲುಗಳು ಮೇಲ್ಮುಖವಾಗಿರುತ್ತವೆ. ಮಿಕ್ಕ ಹಲ್ಲುಗಳು ಕೆಳಕ್ಕೆ ಕೊಯ್ಯುವಾಗ ಹಲಗೆಯ ಅಡಿಯಲ್ಲಿ ಸಿಬಿರು ಏಳುತ್ತದಲ್ಲ, ಅದನ್ನು ಇವು ಮೇಲಕ್ಕೆ ಬರುವಾಗ ಸವರಿ ತೆಗೆಯುತ್ತವೆ. ಪ್ಲೈವುಡ್ಡಿಗೆ ಇದನ್ನೇ ಕೊಳ್ಳಿ. ಹಾಕುವಾಗ ಒಂದು ಎಚ್ಚರ: ಪ್ಲಗ್ ತೆಗೆದು ಕೈಯಿಂದಲೇ ಬ್ಲೇಡನ್ನು ಪೂರ್ತಿ ಮೇಲಕ್ಕೆ ತನ್ನಿ. ಆಗ ಮೇಲ್ಮುಖದ ಹಲ್ಲುಗಳಲ್ಲಿ ಎರಡು ಮೂರು ಮಾತ್ರ ಮೇಜಿನ ಮೇಲೆ ಕಾಣಬೇಕು. ಒಂದೂ ಕಾಣದಿದ್ದರೆ ಅವು ಮರಕ್ಕೆ ತಾಗುವುದೇ ಇಲ್ಲ. ಹೆಚ್ಚು ಕಂಡರೆ ಮೇಲಕ್ಕೆ ಬರುವಾಗಲೆಲ್ಲ ಹಲಗೆಯನ್ನು ಎತ್ತಿ ಕುಣಿಸುತ್ತವೆ.

ಸ್ಪೈರಲ್ ಬ್ಲೇಡು ಹುರಿ ಹಾಕಿದ ತಂತಿಯಂತೆ. ಸುತ್ತಲೂ ಹಲ್ಲು, ಹಲಗೆಯನ್ನು ತಿರುಗಿಸದೆಯೇ ಎತ್ತ ಬೇಕಾದರೂ ಕೊಯ್ಯಬಹುದು. ಕೇಳಲು ಚೆನ್ನ. ಆದರೆ ಕೊಯ್ದ ಸಂದು ಅಗಲ, ಅಂಚು ಒರಟು, ಮರದ ನಾರು ಎಳೆದತ್ತ ಅದೂ ಓಡುತ್ತದೆ. ಯಂತ್ರಕ್ಕೆ ತಾಗುವಷ್ಟು ದೊಡ್ಡ ಚಿತ್ರಫಲಕ ಕೊರೆಯುವವರಿಗೆ ಬೇಕಾದೀತು, ಕಲಿಯುವವರಿಗೆ ಬೇಡ.

ಒಟ್ಟಿನಲ್ಲಿ 3 ಮತ್ತು 5 ನಂಬರಿನ ರಿವರ್ಸ್ ಟೂತ್ ತಲಾ ಒಂದು ಡಜನ್ ತೆಗೆದುಕೊಳ್ಳಿ. ಡಜನ್ ಹೆಚ್ಚಾಯಿತು ಅನ್ನಿಸಬಹುದು. ಒಂದು ಬ್ಲೇಡು ನಿಜವಾಗಿ ಕೊಯ್ಯುವ ಸಮಯ ಅರ್ಧ ಗಂಟೆಯ ಆಸುಪಾಸು. ಗಟ್ಟಿ ಮರದಲ್ಲಿ ಅಷ್ಟೂ ಬಾಳುವುದಿಲ್ಲ. ತೇಗದಲ್ಲಿ ಸಿಲಿಕಾ ಇದೆ, ಪ್ಲೈವುಡ್ಡಿನ ಪದರಗಳ ನಡುವೆ ಗಟ್ಟಿಯಾದ ಅಂಟು ಇದೆ. ಎರಡೂ ಹಲ್ಲನ್ನು ಬೇಗ ಮೊಂಡು ಮಾಡುತ್ತವೆ.

ಪ್ರಶ್ನೆ: ಯಂತ್ರ ಚಾಲೂ ಮಾಡಿದರೆ ಇಡೀ ಟೇಬಲ್ ನಡುಗುತ್ತದೆ. ಕೆಟ್ಟ ಯಂತ್ರ ಸಿಕ್ಕಿತೇ?

ಇರಲಾರದು. ತೋಳುಗಳು ನಿಮಿಷಕ್ಕೆ ಸಾವಿರ ಸಲ ಮೇಲೆ ಕೆಳಗೆ ಬಡಿಯುವಾಗ ಹಗುರ ಯಂತ್ರ ಅದುರಿಯೇ ಅದುರುತ್ತದೆ. ಬೋಲ್ಟ್ ಹಾಕದೆ ಸುಮ್ಮನೆ ಇಟ್ಟರೆ ನಡೆದಾಡಲೂಬಹುದು. 18 ಮಿ.ಮೀ. ಪ್ಲೈವುಡ್ಡಿನ ತುಂಡಿಗೆ ಯಂತ್ರದ ಪಾದವನ್ನು ನಾಲ್ಕೂ ತೂತಿನಲ್ಲಿ ಬೋಲ್ಟ್ ಮಾಡಿ. ಆ ತುಂಡನ್ನು ಭಾರವಾದ ಬೆಂಚಿಗೆ ಎರಡು ಜಿ ಕ್ಲಾಂಪಿನಿಂದ ಬಿಗಿಯಿರಿ. ತುಂಡಿಗೂ ಬೆಂಚಿಗೂ ನಡುವೆ ತೆಳುವಾದ ರಬ್ಬರ್ ಹಾಳೆ ಇಟ್ಟರೆ ಸದ್ದೂ ಇಳಿಯುತ್ತದೆ. ಮೆತ್ತನೆಯ ದಪ್ಪ ಸ್ಪಂಜು ಮಾತ್ರ ಬೇಡ, ಅದು ಯಂತ್ರಕ್ಕೆ ಇನ್ನಷ್ಟು ಕುಣಿಯಲು ಜಾಗ ಕೊಡುತ್ತದೆ. ಮಡಚುವ ಟೇಬಲ್, ಗಾಲಿಯ ಟೇಬಲ್ ಇವೂ ಆಗಿಬರುವುದಿಲ್ಲ.

ಇಷ್ಟಾದ ಮೇಲೂ ಯಾವುದೋ ಒಂದು ವೇಗದಲ್ಲಿ ಮಾತ್ರ ವಿಪರೀತ ಅದುರುತ್ತಿದ್ದರೆ ಗುಂಡಿಯನ್ನು ಸ್ವಲ್ಪ ಆಚೀಚೆ ಮಾಡಿ ಆ ವೇಗವನ್ನು ತಪ್ಪಿಸಿ. ಕೂತು ಕೆಲಸ ಮಾಡುವುದು ಲೇಸು. ಯಂತ್ರದ ಮೇಜು ಮೊಣಕೈಗಿಂತ ತುಸು ಕೆಳಗಿದ್ದರೆ ಹೆಗಲು ನೋಯುವುದಿಲ್ಲ.

ಪ್ರಶ್ನೆ: ಗೆರೆಯ ಮೇಲೆ ನೇರ ತಳ್ಳಿದರೂ ಬ್ಲೇಡು ಬಲಕ್ಕೇ ಎಳೆಯುತ್ತದೆ. ಬ್ಲೇಡನ್ನು ತಿರುಗಿಸಿ ಹಾಕಿದರೆ ಸರಿಹೋದೀತೇ?

ತಿರುಗಿಸಿದರೆ ಹಲ್ಲು ಹಿಂದಕ್ಕೆ ಹೋಗುತ್ತದೆ, ತಲೆಕೆಳಗು ಮಾಡಿದರೆ ಹಲ್ಲು ಮೇಲ್ಮುಖವಾಗುತ್ತದೆ. ಎರಡೂ ಕೆಲಸಕ್ಕೆ ಬಾರದು. ಎಳೆತಕ್ಕೆ ಕಾರಣ ಬ್ಲೇಡು ತಯಾರಾಗುವ ರೀತಿಯಲ್ಲೇ ಇದೆ. ಹಲ್ಲು ಕತ್ತರಿಸುವಾಗ ಲೋಹದ ಒಂದು ಬದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಒರಟು ಅಂಚು ಉಳಿಯುತ್ತದೆ. ಆ ಬದಿ ಹೆಚ್ಚು ಚುರುಕಾಗಿ ಕೊಯ್ಯುವುದರಿಂದ ಬ್ಲೇಡು ಅತ್ತ ವಾಲುತ್ತದೆ. ಸಾಮಾನ್ಯವಾಗಿ ಅದು ಬಲಬದಿ. ದುಬಾರಿ ಯಂತ್ರಕ್ಕೆ ಹಾಕಿದರೂ ಆ ಬ್ಲೇಡು ಹೀಗೇ ಎಳೆಯುತ್ತದೆ. ಹಲ್ಲುಗಳನ್ನು ಸಾಣೆ ಹಿಡಿದು ಮಾಡಿದ ಬ್ಲೇಡುಗಳಲ್ಲಿ ಎಳೆತ ಕಡಿಮೆ, ಬೆಲೆ ಹೆಚ್ಚು.

ಪರಿಹಾರವೆಂದರೆ ಕೋನ ಹೊಂದಿಸಿಕೊಳ್ಳುವುದು. ರದ್ದಿ ಹಲಗೆಯ ಮೇಲೆ ಅಂಚಿಗೆ ಸಮಾನಾಂತರವಾಗಿ 15 ಸೆಂ.ಮೀ. ಉದ್ದದ ನೇರ ಗೆರೆ ಎಳೆಯಿರಿ. ಕೈಯನ್ನು ಸಡಿಲ ಬಿಟ್ಟು, ಹಲಗೆ ಎಷ್ಟು ಓರೆಯಾದರೂ ಚಿಂತಿಸದೆ, ಬ್ಲೇಡು ಗೆರೆಯ ಮೇಲೇ ಇರುವಂತೆ ಮಾತ್ರ ತಳ್ಳುತ್ತ ಹೋಗಿ. ಅರ್ಧ ಗೆರೆ ದಾಟಿದಾಗ ಯಂತ್ರ ನಿಲ್ಲಿಸಿ. ಹಲಗೆಯ ಅಂಚು ಈಗ ನಿಂತಿರುವ ಓರೆಯೇ ನಿಮ್ಮ ಬ್ಲೇಡಿನ ಕೋನ, ಸಾಮಾನ್ಯವಾಗಿ 3 ರಿಂದ 5 ಡಿಗ್ರಿ. ಆ ಅಂಚಿನ ಗುಂಟ ಮೇಜಿಗೆ ಮಾಸ್ಕಿಂಗ್ ಟೇಪಿನ ಪಟ್ಟಿ ಅಂಟಿಸಿಟ್ಟರೆ ಕೆಲಕಾಲ ಕಣ್ಣಿಗೆ ಗುರಿ ಸಿಗುತ್ತದೆ. ಕೈ ಪಳಗಿದ ಮೇಲೆ ಪಟ್ಟಿ ಬೇಕಾಗುವುದಿಲ್ಲ. ಹೊಸಬರಿಗೆ ನೇರ ಗೆರೆಯೇ ಕಷ್ಟ, ಬಳ್ಳಿಯೇ ಸುಲಭ ಎನ್ನಿಸುವುದು ಈ ಓರೆಯಿಂದಾಗಿಯೇ. ಉದ್ದನೆಯ ನೇರ ಕೊಯ್ತಕ್ಕೆ ಈ ಯಂತ್ರವನ್ನು ನೆಚ್ಚಬೇಡಿ, ಕೈಗರಗಸವೇ ವಾಸಿ.

ಪ್ರಶ್ನೆ: ಒಳಗಿನ ತುಂಡು ಮೇಲಿನಿಂದ ಸಲೀಸಾಗಿ ಬರುತ್ತದೆ, ಕೆಳಗೆ ಒತ್ತಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ಯಾಕೆ?

ಬ್ಲೇಡು ಮೇಜಿಗೆ ಲಂಬವಾಗಿಲ್ಲ. ತುಂಡಿನ ಅಂಚು ಇಳಿಜಾರಾಗಿದೆ, ಹಾಗಾಗಿ ಒಂದೇ ಕಡೆಗೆ ಬಿಡಿಸಿಕೊಳ್ಳುತ್ತದೆ. ಅಗ್ಗದ ಯಂತ್ರದಲ್ಲಿ ಮೇಜಿನ ಕೆಳಗಿನ ಡಿಗ್ರಿ ಪಟ್ಟಿಯನ್ನು ನಂಬಲೇಬಾರದು. ಸೊನ್ನೆ ತೋರಿಸುತ್ತಿದ್ದರೂ ಎರಡು ಡಿಗ್ರಿ ವಾಲಿರಬಹುದು.

ಪುಟ್ಟ ಮೂಲೆಮಟ್ಟವನ್ನು ಬ್ಲೇಡಿನ ಪಕ್ಕ ನಿಲ್ಲಿಸಿ ಮೊದಲು ಹತ್ತಿರಕ್ಕೆ ತನ್ನಿ. ಬ್ಲೇಡು ಬಿಗಿಯಾಗಿರುವಾಗಲೇ ಇದನ್ನು ಮಾಡಬೇಕು. ಆಮೇಲೆ ನಿಖರ ಪರೀಕ್ಷೆ. 40 ಮಿ.ಮೀ. ದಪ್ಪದ ಮರದ ತುಂಡಿನ ಮುಂದಂಚಿನಲ್ಲಿ 3 ಮಿ.ಮೀ. ಆಳ ಮಾತ್ರ ಕೊಯ್ದು ಯಂತ್ರ ನಿಲ್ಲಿಸಿ. ತುಂಡನ್ನು ಮಗುಚದೆ, ಮೇಜಿನ ಮೇಲೇ ಅರ್ಧ ಸುತ್ತು ತಿರುಗಿಸಿ ಬ್ಲೇಡಿನ ಹಿಂಬದಿಗೆ ಒಯ್ಯಿರಿ. ಅದೇ ಸಂದಿಗೆ ಬ್ಲೇಡಿನ ಬೆನ್ನು ಎಲ್ಲೂ ತಾಗದೆ ನುಸುಳಿದರೆ ಮೇಜು ಸರಿ. ನುಸುಳದಿದ್ದರೆ ಕಾಣುವ ವ್ಯತ್ಯಾಸ ನಿಜವಾದ ದೋಷದ ಎರಡರಷ್ಟು, ಆದ್ದರಿಂದ ಅದರ ಅರ್ಧದಷ್ಟೇ ಮೇಜನ್ನು ವಾಲಿಸಿ ಮತ್ತೆ ನೋಡಿ. ಸರಿಯಾದಾಗ ಡಿಗ್ರಿ ಪಟ್ಟಿಯ ಮುಳ್ಳನ್ನು ಸಡಿಲಿಸಿ ಸೊನ್ನೆಗೆ ತನ್ನಿ.

ಮೇಜು ಸರಿಯಿದ್ದೂ ಇಳಿಜಾರು ಬಂದರೆ ತಪ್ಪು ಕೈಯದು. ಹಲಗೆಯನ್ನು ಪಕ್ಕಕ್ಕೆ ಒತ್ತಿದಾಗ ಬ್ಲೇಡು ನಡುವಿನಲ್ಲಿ ಬಿಲ್ಲಿನಂತೆ ಬಾಗುತ್ತದೆ. ಬಿಗಿ ಕಡಿಮೆಯಿದ್ದರೆ ಇನ್ನೂ ಹೆಚ್ಚು.

ಪ್ರಶ್ನೆ: ಬ್ಲೇಡು ಎಷ್ಟು ಬಿಗಿ ಇರಬೇಕು? ಸಡಿಲ ಮಾಡಿದರೆ ಕ್ಲಾಂಪಿನಿಂದ ಜಾರುತ್ತದೆ, ಬಿಗಿ ಮಾಡಿದರೆ ಟಪ್ ಎಂದು ತುಂಡಾಗುತ್ತದೆ. ಒಂದೇ ದಿನಕ್ಕೆ ಅರ್ಧ ಪ್ಯಾಕೆಟ್ ಖಾಲಿಯಾಯಿತು.

ಬಿಗಿಯನ್ನು ಬೆರಳಿನಿಂದಲೂ ಕಿವಿಯಿಂದಲೂ ಅಳೆಯಬಹುದು. ಪ್ಲಗ್ ತೆಗೆದು ಬ್ಲೇಡಿನ ನಡುಭಾಗವನ್ನು ಪಕ್ಕದಿಂದ ಹಗುರವಾಗಿ ಒತ್ತಿ. 3 ಮಿ.ಮೀ.ಗಿಂತ ಹೆಚ್ಚು ಬಾಗಬಾರದು. ಉಗುರಿನಿಂದ ಮೀಟಿದರೆ ಮಂದವಾದ ‘ದಬ್’ ಬರದೆ ಸ್ಪಷ್ಟವಾದ ‘ಟಿಣ್’ ಬರಬೇಕು. ಸಣ್ಣ ನಂಬರಿನ ಬ್ಲೇಡಿಗೆ ಬಿಗಿ ಸ್ವಲ್ಪ ಕಡಿಮೆ ಇರಲಿ.

ಹೆಚ್ಚಿನವರು ಬ್ಲೇಡು ಮುರಿದಾಗ ಬಿಗಿಯನ್ನು ದೂರುತ್ತಾರೆ. ವಾಸ್ತವದಲ್ಲಿ ಹೆಚ್ಚು ಬ್ಲೇಡುಗಳು ಮುರಿಯುವುದು ಮೊಂಡಾದ ಮೇಲೂ ತಳ್ಳುತ್ತಲೇ ಇರುವುದರಿಂದ. ಮೊಂಡು ಹಲ್ಲು ಕೊಯ್ಯುವುದಿಲ್ಲ, ಉಜ್ಜುತ್ತದೆ. ಕೈ ತನಗರಿವಿಲ್ಲದೆ ಒತ್ತಡ ಹೆಚ್ಚಿಸುತ್ತದೆ, ಬ್ಲೇಡು ಹಿಂದಕ್ಕೆ ಬಾಗುತ್ತದೆ, ಕಾದು ಮುರಿಯುತ್ತದೆ. ಮುರಿದ ತುಂಡನ್ನು ನೋಡಿದರೆ ಸುಳಿವು ಸಿಗುತ್ತದೆ. ನಡುವಿನಲ್ಲಿ ಮುರಿದು ಆ ಜಾಗ ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಕಾದಿದೆ ಎಂದರ್ಥ. ಕ್ಲಾಂಪಿನ ಬುಡದಲ್ಲೇ ಮುರಿದರೆ ಬ್ಲೇಡು ಓರೆಯಾಗಿ ಕೂತಿತ್ತು, ಇಲ್ಲವೇ ಮೇಲಿನ ಕೆಳಗಿನ ಕ್ಲಾಂಪುಗಳು ಒಂದೇ ನೇರಕ್ಕೆ ಇಲ್ಲ. ಪ್ರತಿಸಲವೂ ಅಲ್ಲೇ ಮುರಿಯುತ್ತಿದ್ದರೆ ಎರಡು ಕ್ಲಾಂಪುಗಳನ್ನೂ ಮುಂದಿನಿಂದ, ಪಕ್ಕದಿಂದ ನೋಡಿ ಹೊಂದಿಸಬೇಕು.

ಜಾರುವುದಕ್ಕೆ ಮುಖ್ಯ ಕಾರಣ ಎಣ್ಣೆ. ತುಕ್ಕು ಹಿಡಿಯದಿರಲೆಂದು ಹೊಸ ಬ್ಲೇಡಿಗೆ ಎಣ್ಣೆ ಸವರಿರುತ್ತಾರೆ. ಎರಡೂ ತುದಿಗಳ ಒಂದೊಂದು ಸೆಂಟಿಮೀಟರನ್ನು ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ, 220 ನಂಬರಿನ ಸ್ಯಾಂಡ್‌ಪೇಪರನ್ನು ಮಡಿಸಿ ಅದರ ನಡುವೆ ಒಂದೆರಡು ಸಲ ಎಳೆಯಿರಿ. ಕ್ಲಾಂಪಿನ ಒಳಮುಖವನ್ನೂ ಹಾಗೆಯೇ ಸ್ವಚ್ಛ ಮಾಡಿ. ಆಮೇಲೂ ಜಾರಿದರೆ ಸ್ಕ್ರೂವಿನ ತುದಿ ನೋಡಿ. ಪಕ್ಕಡ್ ಹಾಕಿ ತಿರುಗಿಸುವ ಅಭ್ಯಾಸದಿಂದ ಆ ತುದಿ ಅಣಬೆಯಂತೆ ಹರಡಿರುತ್ತದೆ ಅಥವಾ ಗುಳಿ ಬಿದ್ದಿರುತ್ತದೆ. ಸಣ್ಣ ಅರದಿಂದ ಸಮತಟ್ಟು ಮಾಡಿ, ಇಲ್ಲವೇ ಸ್ಕ್ರೂವನ್ನೇ ಬದಲಿಸಿ. ಸ್ಕ್ರೂ ಬಿಗಿಯಲು ಬೆರಳಿನ ಬಲವೇ ಸಾಕು.

ಮುರಿದಾಗ ಗಾಬರಿ ಬೇಡ. ಸದ್ದು ದೊಡ್ಡದು, ಅಪಾಯ ಚಿಕ್ಕದು. ಆದರೆ ಯಂತ್ರ ನಿಲ್ಲುವವರೆಗೆ ಮೇಲಿನ ತುಂಡು ಸೂಜಿಯಂತೆ ಕುಟ್ಟುತ್ತಲೇ ಇರುತ್ತದೆ. ಮೊದಲು ಸ್ವಿಚ್, ಆಮೇಲೆ ಹಲಗೆ. ಕಾಲಿನಿಂದ ಒತ್ತುವ ಸ್ವಿಚ್ ಹಾಕಿಸಿಕೊಂಡರೆ ಎರಡೂ ಕೈ ಹಲಗೆಯ ಮೇಲೇ ಇರುತ್ತವೆ. ಕೆಲಸ ಮುಗಿದ ಮೇಲೆ ಬಿಗಿ ಹೊಂದಿಸುವ ಸನ್ನೆಕೋಲನ್ನು ಇಳಿಸಿ ಬ್ಲೇಡನ್ನು ಸಡಿಲ ಬಿಡಿ.

ಪ್ರಶ್ನೆ: ಮನೆಯ ಹೆಸರನ್ನು ಕನ್ನಡದಲ್ಲಿ ಕೊರೆದು ಫಲಕ ಮಾಡಬೇಕು. ಇಂಗ್ಲಿಷ್ ಅಕ್ಷರಗಳ ಮಾದರಿಗಳು ಬೇಕಾದಷ್ಟು ಸಿಗುತ್ತವೆ. ಕನ್ನಡಕ್ಕೆ ಹೇಗೆ ಹೊಂದಿಸಲಿ?

ಮೊದಲು ತೀರ್ಮಾನವಾಗಬೇಕಾದ್ದು: ಅಕ್ಷರಗಳನ್ನೇ ಕತ್ತರಿಸಿ ಹಲಗೆಯ ಮೇಲೆ ಅಂಟಿಸುವಿರೋ, ಹಲಗೆಯಲ್ಲಿ ಅಕ್ಷರದ ಆಕಾರದ ಕಿಂಡಿ ತೆಗೆಯುವಿರೋ?

ಅಂಟಿಸುವುದಾದರೆ ತೊಡಕು ಒತ್ತಕ್ಷರದ್ದು. ‘ಅಮ್ಮ’ ಎಂದು ಬರೆದಾಗ ಮ ಒತ್ತು ಮೇಲಿನ ಅಕ್ಷರಕ್ಕೆ ತಾಗದೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಕತ್ತರಿಸಿದರೆ ಅದು ಬಿಡಿ ತುಂಡು. ದೀರ್ಘದ ಗುರುತೂ ಅನೇಕ ಅಚ್ಚಿನಲ್ಲಿ ಬಿಡಿಯಾಗಿಯೇ ಇರುತ್ತದೆ. ಮಾದರಿ ಬರೆಯುವಾಗಲೇ ಒತ್ತನ್ನು ಸ್ವಲ್ಪ ಮೇಲಕ್ಕೆ ಸರಿಸಿ ಅಕ್ಷರದ ಹೊಟ್ಟೆಗೆ ತಾಗಿಸಿ. ತಾಗುವ ಜಾಗ 4 ಮಿ.ಮೀ. ಅಗಲವಾದರೂ ಇರಲಿ. ಇಡೀ ಹೆಸರನ್ನು ಒಂದೇ ತುಂಡಾಗಿ ತೆಗೆಯಬೇಕೆಂದರೆ ಅಕ್ಷರಗಳ ಕೆಳಗೆ ಉದ್ದಕ್ಕೂ ಒಂದು ಪಟ್ಟಿ ಬಿಟ್ಟು ಒತ್ತುಗಳನ್ನು ಅದಕ್ಕೆ ಸೇರಿಸಬಹುದು.

ಕಿಂಡಿ ತೆಗೆಯುವುದಾದರೆ ತೊಡಕು ತಿರುಗುಮುರುಗು. ‘ಠ’ ಅಕ್ಷರದ ವೃತ್ತವನ್ನು ಕಿಂಡಿಯಾಗಿ ಕೊರೆದರೆ ನಡುವಿನ ಭಾಗ ಬಿದ್ದೇಹೋಗುತ್ತದೆ. ‘ರ’ದ ಹೊಟ್ಟೆಯೂ, ಅನುಸ್ವಾರದ ಸೊನ್ನೆಯ ಒಳಭಾಗವೂ ಅಷ್ಟೇ. ಸುತ್ತುವರಿದ ಇಂಥ ಪ್ರತಿ ಜಾಗಕ್ಕೂ ಎರಡು ಕಡೆ 3 ಮಿ.ಮೀ. ಅಗಲದ ಸೇತುವೆ ಬಿಡಬೇಕು. ಸೇತುವೆ ಮರದ ನಾರಿನ ಗುಂಟ ಬಂದರೆ ಗಟ್ಟಿ, ಅಡ್ಡ ಬಂದರೆ ಬೆರಳು ತಾಗಿದರೂ ಮುರಿಯುತ್ತದೆ. 6 ಮಿ.ಮೀ. ಬರ್ಚ್ ಪ್ಲೈವುಡ್ಡಿನಲ್ಲಿ ಪದರಗಳ ನಾರು ಅಡ್ಡ ಉದ್ದ ಎರಡೂ ಇರುವುದರಿಂದ ಆ ಚಿಂತೆ ಕಡಿಮೆ.

ದುಂಡು ಅಕ್ಷರಗಳು ಈ ಯಂತ್ರಕ್ಕೆ ಒಗ್ಗುತ್ತವೆ ಎಂಬುದು ಸಮಾಧಾನದ ಸಂಗತಿ. ಕಷ್ಟ ಬರುವುದು ತಲೆಕಟ್ಟಿನ ಚೂಪು ತುದಿಯಲ್ಲಿ. ಅಲ್ಲಿ ತಿರುಗುವ ಬದಲು ತುದಿಯವರೆಗೆ ಕೊಯ್ದು ಬ್ಲೇಡನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಂದು, ಇನ್ನೊಂದು ಬದಿಯಿಂದ ಕೊಯ್ದು ಸೇರಿಸಿ.

ಹಲಗೆಯ ಮೇಲೆ ಮೊದಲು ಮಾಸ್ಕಿಂಗ್ ಟೇಪ್ ಪಟ್ಟಿಗಳನ್ನು ಒತ್ತೊತ್ತಾಗಿ ಹಾಕಿ, ಅದರ ಮೇಲೆ ಮಾದರಿಯ ಕಾಗದವನ್ನು ಗ್ಲೂ ಸ್ಟಿಕ್ಕಿನಿಂದ ಅಂಟಿಸಿ. ನೇರ ಮರಕ್ಕೇ ಅಂಟಿಸಿದರೆ ಕೊನೆಗೆ ಕಾಗದ ಕೆರೆಯುವುದೇ ದೊಡ್ಡ ಕೆಲಸವಾಗುತ್ತದೆ. ಪ್ರತಿ ಕಿಂಡಿಯೊಳಗೂ ಒಂದು ತೂತು ಹಾಕಿ. 3 ಅಥವಾ 5 ನಂಬರಿಗೆ 1.5 ಮಿ.ಮೀ. ಬಿಟ್ ಸಾಕು. ತೂತು ಗೆರೆಯ ಮೇಲೆ ಬೇಡ, ಬಿಸಾಡುವ ಭಾಗದಲ್ಲಿ, ಚೂಪು ಮೂಲೆಯ ಹತ್ತಿರ ಇರಲಿ. ಅಡಿಯಲ್ಲಿ ರದ್ದಿ ಹಲಗೆ ಇಟ್ಟೇ ಡ್ರಿಲ್ ಮಾಡಿ. ಎದ್ದ ಸಿಬಿರನ್ನು ಸ್ಯಾಂಡ್‌ಪೇಪರಿನಿಂದ ತೆಗೆಯದಿದ್ದರೆ ಹಲಗೆ ಮೇಜಿನ ಮೇಲೆ ಸಮನಾಗಿ ಕೂರುವುದಿಲ್ಲ.

ಕೊಯ್ಯುವ ಕ್ರಮ ಒಳಗಿನಿಂದ ಹೊರಕ್ಕೆ. ಮೊದಲು ಒಳಗಿನ ಸಣ್ಣ ಕಿಂಡಿಗಳು, ಆಮೇಲೆ ದೊಡ್ಡವು, ಕಡೆಯಲ್ಲಿ ಹೊರಗಿನ ಆಕಾರ. ಹೊರಗಿನದನ್ನು ಮೊದಲೇ ತೆಗೆದರೆ ಹಿಡಿದುಕೊಳ್ಳಲು ಜಾಗವೇ ಇರುವುದಿಲ್ಲ.

ಪ್ರಶ್ನೆ: ಗಟ್ಟಿ ಮರ ಕೊಯ್ಯುವಾಗ ಹೊಗೆ ಬರುತ್ತದೆ, ಅಂಚು ಕಪ್ಪಾಗುತ್ತದೆ.

ಬ್ಲೇಡು ಬದಲಿಸಿ. ಅದಕ್ಕೂ ಹೋಗದಿದ್ದರೆ ವೇಗ ಇಳಿಸಿ, ಒಂದು ನಂಬರ್ ದೊಡ್ಡ ಸ್ಕಿಪ್ ಟೂತ್ ಹಾಕಿ. ಮೇಪಲ್, ಚೆರಿ ಮರಗಳು ಬೇಗ ಸುಡುತ್ತವೆ. ಮಾದರಿಯ ಕಾಗದದ ಮೇಲೆ ಪಾರ್ಸೆಲ್‌ಗೆ ಸುತ್ತುವ ಪಾರದರ್ಶಕ ಟೇಪ್ ಹಚ್ಚಿದರೆ ಸುಡುವುದು ಗಮನಾರ್ಹವಾಗಿ ತಗ್ಗುತ್ತದೆ. ಬ್ಲೇಡಿಗೆ ಅದು ಜಾರುವ ಗುಣ ಕೊಡುತ್ತದೆ. ಬಿಗಿ ತಿರುವಿನಲ್ಲಿ ಹಲಗೆ ಮುಂದಕ್ಕೆ ಹೋಗದೆ ನಿಂತಲ್ಲೇ ನಿಂತರೆ ಬ್ಲೇಡು ಅದೇ ಜಾಗವನ್ನು ಉಜ್ಜುತ್ತದೆ, ಅಲ್ಲೇ ಕಪ್ಪಾಗುವುದು.

ಪ್ರಶ್ನೆ: ಸಣ್ಣ ತುಂಡುಗಳು ಮೇಜಿನ ತೂತಿನೊಳಗೆ ಬಿದ್ದುಹೋಗುತ್ತವೆ. ಹಲಗೆಯೂ ಎಗರುತ್ತದೆ.

ಅಗ್ಗದ ಯಂತ್ರಗಳಲ್ಲಿ ಮೇಜಿನ ನಡುವಿನ ತೂತು ಅಗತ್ಯಕ್ಕಿಂತ ದೊಡ್ಡದು. ಇಸ್ಪೀಟಿನ ಎಲೆಯೊಂದರ ನಡುವೆ 1.5 ಮಿ.ಮೀ. ತೂತು ಮಾಡಿ, ಬ್ಲೇಡನ್ನು ಅದರೊಳಗೆ ಹಾಯಿಸಿ, ಎಲೆಯ ನಾಲ್ಕೂ ಅಂಚನ್ನು ಮೇಜಿಗೆ ಟೇಪ್ ಹಾಕಿ. ತುಂಡು ಬೀಳುವುದಿಲ್ಲ, ಅಡಿಯ ಸಿಬಿರೂ ಕಡಿಮೆಯಾಗುತ್ತದೆ. ಮಿಕ್ಕ ಮೇಜಿಗೆ ಪೇಸ್ಟ್ ವ್ಯಾಕ್ಸ್ ತೆಳುವಾಗಿ ಹಚ್ಚಿ ಒರೆಸಿದರೆ ಹಲಗೆ ಸರಾಗವಾಗಿ ಜಾರುತ್ತದೆ. ಸಿಲಿಕೋನ್ ಇರುವ ಪಾಲಿಶ್ ಬೇಡ, ಅದು ಮರಕ್ಕೆ ಅಂಟಿದರೆ ಮುಂದೆ ವಾರ್ನಿಶ್ ಹಿಡಿಯುವುದಿಲ್ಲ.

ಎಗರುವುದಕ್ಕೆ, ಹಲಗೆಯನ್ನು ಒತ್ತಿಹಿಡಿಯುವ ಪಾದವನ್ನು ಮರಕ್ಕೆ ತಾಗುವಷ್ಟು ಮಾತ್ರ ಇಳಿಸಿ. ಅನುಭವಿಗಳು ಆ ಪಾದವನ್ನು ಬಿಚ್ಚಿ ಎಸೆಯುವುದುಂಟು, ಗೆರೆಗೆ ಅಡ್ಡ ಬರುತ್ತದೆ ಎಂದು. ಬೆರಳುಗಳು ತಾವಾಗಿಯೇ ಹಲಗೆಯನ್ನು ಕೆಳಕ್ಕೆ ಒತ್ತುವುದನ್ನು ಕಲಿಯುವ ತನಕ ನೀವು ಹಾಗೆ ಮಾಡಬೇಡಿ.

ಪ್ರಶ್ನೆ: ಒಂದೇ ವಿನ್ಯಾಸದ ಹತ್ತಾರು ತುಂಡು ಬೇಕು. ಒಂದೊಂದಾಗಿ ಕೊಯ್ಯಬೇಕೇ?

ಬೇಡ. 3 ಮಿ.ಮೀ. ಪ್ಲೈವುಡ್ಡಿನ ನಾಲ್ಕು ಹಾಳೆ ಜೋಡಿಸಿ, ಬಿಸಾಡುವ ಭಾಗಗಳಲ್ಲಿ ಎರಡೂ ಬದಿ ಅಂಟಿರುವ ಟೇಪಿನ ಚೂರುಗಳನ್ನಿಟ್ಟು, ಅಂಚಿಗೆ ಸುತ್ತ ಮಾಸ್ಕಿಂಗ್ ಟೇಪ್ ಸುತ್ತಿ, 5 ನಂಬರಿನ ಬ್ಲೇಡಿನಿಂದ ಒಟ್ಟಿಗೆ ಕೊಯ್ಯಿರಿ. ಮೇಜು ಲಂಬವಾಗಿಲ್ಲದಿದ್ದರೆ ಮೇಲಿನದೂ ಕೆಳಗಿನದೂ ಬೇರೆ ಅಳತೆಗೆ ಬರುತ್ತವೆ, ಆ ಪರೀಕ್ಷೆ ಮೊದಲು ಮಾಡಿಕೊಳ್ಳಿ. ತೀರಾ ತೆಳುವಾದ ಒಂದು ಹಾಳೆ ಕೊಯ್ಯುವಾಗಲೂ ಅಡಿಗೆ ರದ್ದಿ ಹಾಳೆ ಸೇರಿಸುವುದು ಒಳ್ಳೆಯದು, ಕೈಗೆ ಹಿಡಿತ ಸಿಗುತ್ತದೆ.

ಪ್ರಶ್ನೆ: ಅಕ್ರಿಲಿಕ್ ಹಾಳೆ ಕೊಯ್ದರೆ ಹಿಂದೆ ಹಿಂದೆಯೇ ಅಂಟಿಕೊಂಡುಬಿಡುತ್ತದೆ.

ಬ್ಲೇಡಿನ ಬಿಸಿಗೆ ಕರಗಿ ಸೇರುತ್ತಿದೆ. ವೇಗವನ್ನು ತೀರಾ ಕೆಳಕ್ಕೆ ಇಳಿಸಿ, ಹಾಳೆಯ ಎರಡೂ ಬದಿಯ ರಕ್ಷಣಾ ಕಾಗದವನ್ನು ಬಿಡಿಸದೆ ಮೇಲೆ ಪಾರ್ಸೆಲ್ ಟೇಪ್ ಹಚ್ಚಿ, ಹಲ್ಲಿನ ನಡುವೆ ಹೆಚ್ಚು ಜಾಗವಿರುವ 5 ನಂಬರಿನ ಸ್ಕಿಪ್ ಟೂತ್ ಹಾಕಿ. ನಡುನಡುವೆ ನಿಲ್ಲಿಸದೆ ಒಂದೇ ಸಮನೆ ತಳ್ಳಿ.

ಪ್ರಶ್ನೆ: ಎಂಡಿಎಫ್ (ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ) ಅಗ್ಗ, ಸಮ, ಸಿಬಿರೇಳುವುದಿಲ್ಲ. ಅದರಲ್ಲೇ ಕಲಿಯಬಹುದೇ?

ಕೊಯ್ಯಲು ಸುಲಭ, ಉಸಿರಿಗೆ ಕೆಟ್ಟದ್ದು. ಅದರ ಪುಡಿ ತೀರಾ ನಯ, ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಬ್ಲೋವರ್ ಆ ಪುಡಿಯನ್ನು ನೇರ ಮುಖಕ್ಕೇ ಊದುತ್ತದೆ. ಎನ್95 ಮಾಸ್ಕ್ ಇಲ್ಲದೆ, ಮೇಜಿನ ಅಡಿಯ ಕೊಳವೆಗೆ ವ್ಯಾಕ್ಯೂಮ್ ಜೋಡಿಸದೆ ಕೈ ಹಾಕಬೇಡಿ. ಕಲಿಯಲು 6 ಮಿ.ಮೀ. ಪ್ಲೈವುಡ್, ಅದರ ಮೇಲೆ ಕೈಯಿಂದ ಎಳೆದ ಅಲೆ, ಸುರುಳಿ, ಚೌಕ ಇಷ್ಟೇ ಸಾಕು. ಚೌಕದ ಮೂಲೆಯಲ್ಲಿ ತಳ್ಳುವುದನ್ನು ನಿಲ್ಲಿಸಿ, ಹಲಗೆಯನ್ನು ಕೂದಲಷ್ಟು ಹಿಂದಕ್ಕೆ ಎಳೆದು ಬ್ಲೇಡಿನ ಬೆನ್ನಿಗೆ ಒರಗಿಸಿ, ಅಲ್ಲಿಂದ ಸರಕ್ಕನೆ 90 ಡಿಗ್ರಿ ತಿರುಗಿಸಿ. ಹಲ್ಲಿನ ಕಡೆಗೆ ಒತ್ತುತ್ತ ತಿರುಗಿಸಿದರೆ ಮೂಲೆ ದುಂಡಗಾಗುತ್ತದೆ. ಮರದ ಪುಡಿ ಯಾವುದಾದರೂ ಸರಿ, ಮಾಸ್ಕೂ ಕನ್ನಡಕವೂ ಇರಲಿ. ಬೆರಳುಗಳು ಬ್ಲೇಡಿನ ಎರಡು ಪಕ್ಕಕ್ಕೆ ಇರಬೇಕು, ಎದುರಿಗೆ ಎಂದೂ ಬೇಡ.

ಪ್ರಶ್ನೆ: ಎಣ್ಣೆ ಎಲ್ಲಿಗೆ ಬಿಡಬೇಕು?

ತೋಳುಗಳು ತಿರುಗುವ ಕೀಲುಗಳಿಗೆ. ಯಂತ್ರವನ್ನು ಒಂದು ಬದಿಗೆ ಮಲಗಿಸಿ, ಬುಷ್‌ಗಳ ಮೇಲೆ ಒಂದೆರಡು ತೊಟ್ಟು ತೆಳು ಯಂತ್ರದೆಣ್ಣೆ ಬಿಟ್ಟು, ಅದು ಒಳಗೆ ಇಳಿಯುವ ತನಕ ಹಾಗೇ ಬಿಡಿ. ಮುಚ್ಚಿದ ಬೇರಿಂಗ್ ಇರುವ ಮಾದರಿಗಳಿಗೆ ಇದರ ಅಗತ್ಯವಿಲ್ಲ, ಕೈಪಿಡಿಯಲ್ಲಿ ಬರೆದಿರುತ್ತದೆ. ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಪುಟ್ಟ ಇಂಗಾಲದ ತುಂಡು) ಇರುವ ಮೋಟರಾದರೆ ಬ್ರಷ್ ಸವೆದು ಗಿಡ್ಡವಾದಾಗ ಎರಡನ್ನೂ ಒಟ್ಟಿಗೇ ಬದಲಿಸಿ. ಕ್ಲಾಂಪಿನ ಹತ್ತಿರ ಮಾತ್ರ ಎಣ್ಣೆ ಸೋಕಿಸಬೇಡಿ, ಬ್ಲೇಡು ಮತ್ತೆ ಜಾರಲು ಶುರುವಾಗುತ್ತದೆ.